ಮೂಲಾ ನಕ್ಷತ್ರದ ವಿಳಾಸ

ನಿಮ್ಮ ರಾಶಿ ಯಾವುದು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ನಾಲ್ಕು ಉತ್ತರ ಇವೆ. ನಾನು ಹುಟ್ಟಿದ್ದು ಡಿಸೆಂಬರ್ 5. ಇಂಗ್ಲಿಷ್ ಪೇಪರಿನ ಪುರವಣಿ ಪ್ರಕಾರ ನಾನು ಧನು. ನಮ್ಮ ಪಂಚಾಂಗದ ಪ್ರಕಾರ ಅವತ್ತು ಸೂರ್ಯ ಇನ್ನೂ ವೃಶ್ಚಿಕದಲ್ಲಿ. ಆದರೆ ನಮ್ಮಲ್ಲಿ ‘ನಿನ್ನ ರಾಶಿ’ ಅಂದರೆ ಸೂರ್ಯನದ್ದಲ್ಲ, ಹುಟ್ಟಿದಾಗ ಚಂದ್ರ ಇದ್ದ ರಾಶಿ. ಹಾಗಾಗಿ ಗುಡಿಯಲ್ಲಿ ಅರ್ಚನೆ ಮಾಡಿಸುವಾಗ ಅವ್ವ ಹೇಳೋದು ಮಿಥುನ. ಇನ್ನು ಖಗೋಳಶಾಸ್ತ್ರದವರ ನಕ್ಷೆ ತೆಗೆದರೆ ಡಿಸೆಂಬರ್ 5ರಂದು ಸೂರ್ಯ ಇರುವುದು ಉರಗಧರ ಅನ್ನೋ ನಕ್ಷತ್ರಪುಂಜದಲ್ಲಿ. ಹಾವು ಹಿಡಿದು ನಿಂತ ಒಬ್ಬ ಮನುಷ್ಯನ ಚಿತ್ರ ಅದು. ಹನ್ನೆರಡು ರಾಶಿಗಳ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ.

ಒಬ್ಬನೇ ಮನುಷ್ಯ, ಒಂದೇ ಆಕಾಶ, ನಾಲ್ಕು ಉತ್ತರ. ವಿಚಿತ್ರ ಅಂದ್ರೆ ನಾಲ್ಕರಲ್ಲಿ ಯಾವುದೂ ಲೆಕ್ಕದ ತಪ್ಪಲ್ಲ. ನಾಲ್ಕೂ ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು, ಅಷ್ಟೇ. ಈ ವ್ಯತ್ಯಾಸವನ್ನ ಸ್ವಲ್ಪ ಬಿಡಿಸಿ ನೋಡೋಣ. ಯಾಕಂದ್ರೆ ಇದನ್ನು ಅರೆಬರೆ ತಿಳಿದುಕೊಂಡು ನಮ್ಮಂಥ ಓದಿದವರು ಒಂದು ವಾದ ಮಾಡುತ್ತೇವೆ. ಆ ವಾದ ಎಷ್ಟು ಟೊಳ್ಳು ಅನ್ನೋದು ನಮ್ಮ ಮನೆಯ ಒಂದು ಮದುವೆ ಮಾತುಕತೆಯಲ್ಲಿ ನನಗೆ ಸ್ಪಷ್ಟವಾಯಿತು.

ಮೊದಲು ನಕ್ಷತ್ರಪುಂಜ. ನಮ್ಮ ಹಾವೇರಿ ಕಡೆ ನಕ್ಷತ್ರಕ್ಕೆ ಚಿಕ್ಕಿ ಅಂತಾರೆ. ಬೇಸಿಗೆಯಲ್ಲಿ ಅಂಗಳದಲ್ಲಿ ಹಾಸಿಕೊಂಡು ಮಲಗಿದರೆ ಕಣ್ಣಿಗೆ ಕಾಣುವ ಚಿಕ್ಕಿಗಳನ್ನು ಕೂಡಿಸಿ ಚೇಳು, ಎತ್ತು, ಬೇಟೆಗಾರ ಅಂತ ಚಿತ್ರ ಬಿಡಿಸಿದ್ದು ಮನುಷ್ಯ. ಆ ಚಿಕ್ಕಿಗಳಿಗೆ ಒಂದಕ್ಕೊಂದು ಪರಿಚಯ ಇರಲೇಬೇಕು ಅಂತೇನಿಲ್ಲ. ವೃಷಭದ ಕಣ್ಣು ಅಂತ ಗುರುತಿಸುವ ಕೆಂಪು ರೋಹಿಣಿ ನಮ್ಮಿಂದ ಸುಮಾರು 65 ಜ್ಯೋತಿರ್ವರ್ಷ ದೂರ. ಅದೇ ಎತ್ತಿನ ಹೆಗಲ ಮೇಲಿರುವ ಕೃತ್ತಿಕೆಯ ಗೊಂಚಲು ಸುಮಾರು 440 ಜ್ಯೋತಿರ್ವರ್ಷ ದೂರ. ಇವತ್ತು ರಾತ್ರಿ ನಮ್ಮ ಕಣ್ಣಿಗೆ ಬೀಳುವ ಕೃತ್ತಿಕೆಯ ಬೆಳಕು ಅಲ್ಲಿಂದ ಹೊರಟಾಗ 1565ರ ರಕ್ಕಸತಂಗಡಿ ಕಾಳಗ ಮುಗಿದು ಒಂದೆರಡು ದಶಕ ಆಗಿತ್ತಷ್ಟೇ. ರೋಹಿಣಿಯ ಬೆಳಕು ಹೊರಟಿದ್ದು ನಮ್ಮ ಅಜ್ಜಂದಿರು ಪ್ರಾಯದಲ್ಲಿದ್ದಾಗ. ಪಕ್ಕಪಕ್ಕ ಅನ್ನಿಸೋದು ನಾವು ನಿಂತ ಜಾಗದಿಂದ ಮಾತ್ರ. ಬೇರೆ ಯಾವುದೋ ನಕ್ಷತ್ರದ ಹತ್ತಿರ ಹೋಗಿ ನಿಂತರೆ ಎತ್ತೂ ಇಲ್ಲ, ಚೇಳೂ ಇಲ್ಲ.

ಹಾಗಿದ್ದೂ ಖಗೋಳಶಾಸ್ತ್ರಜ್ಞರು ಈ ಚಿತ್ರಗಳನ್ನು ಬಿಟ್ಟಿಲ್ಲ. 1922ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಟ್ಟು 88 ಪುಂಜಗಳು ಅಂತ ಪಟ್ಟಿ ಮಾಡಿತು. ಬೆಲ್ಜಿಯಂನ ಡೆಲ್‌ಪೋರ್ಟ್ ಎಂಬ ಖಗೋಳಜ್ಞ ಒಂದೊಂದಕ್ಕೂ ಗಡಿ ಎಳೆದ. ಆ ನಕ್ಷೆ 1930ರಲ್ಲಿ ಪ್ರಕಟವಾಯಿತು. ನಮ್ಮೂರಿನ ಹೊಲಗಳ ಸರ್ವೆ ನಂಬರ್ ಇದ್ದ ಹಾಗೆ. ‘ಹೊಸ ಧೂಮಕೇತು ಧನು ಪುಂಜದಲ್ಲಿ ಕಾಣಿಸಿದೆ’ ಅಂದರೆ ಆಕಾಶದ ಯಾವ ಕಡೆ ದುರ್ಬೀನು ತಿರುಗಿಸಬೇಕು ಅಂತ ಅರ್ಥ. ಹೊಲಗಳಂತೆ ಇಲ್ಲೂ ಕೆಲವು ದೊಡ್ಡವು, ಕೆಲವು ಸಣ್ಣವು. ಸೂರ್ಯ ವರ್ಷಕ್ಕೊಂದು ಸುತ್ತು ಹೋಗುವಂತೆ ಕಾಣುವ ದಾರಿಯಲ್ಲಿ ಕನ್ಯಾ ಪುಂಜವನ್ನು ದಾಟೋಕೆ ಅವನಿಗೆ ಸುಮಾರು 45 ದಿನ ಬೇಕು. ವೃಶ್ಚಿಕ ಪುಂಜವನ್ನು ನವೆಂಬರ್ ಕೊನೆಯಲ್ಲಿ ಒಂದೇ ವಾರದಲ್ಲಿ ದಾಟಿಬಿಡುತ್ತಾನೆ. ಆಮೇಲೆ ಡಿಸೆಂಬರ್ 17ರ ತನಕ ಉರಗಧರನ ಜಮೀನು.

ರಾಶಿ ಹಾಗಲ್ಲ. ರಾಶಿ ಅನ್ನೋದು ಅಳತೆಪಟ್ಟಿ. ಸೂರ್ಯನ ದಾರಿಯ 360 ಡಿಗ್ರಿಯನ್ನು ಹನ್ನೆರಡು ಸಮಪಾಲು ಮಾಡಿ ಒಂದೊಂದಕ್ಕೆ 30 ಡಿಗ್ರಿ ಕೊಟ್ಟರು. ಕ್ರಿಸ್ತಪೂರ್ವ 5ನೇ ಶತಮಾನದ ಹೊತ್ತಿಗೆ ಬ್ಯಾಬಿಲೋನಿಯಾದವರು ಹೀಗೆ ಮಾಡಿಟ್ಟಿದ್ದರು. ವರ್ಷಕ್ಕೆ ಹನ್ನೆರಡು ತಿಂಗಳು ಇರುವಾಗ ಹನ್ನೆರಡು ಖಾನೆ ಲೆಕ್ಕಕ್ಕೆ ಅನುಕೂಲ. ಹತ್ತಿರ ಇದ್ದ ಚಿತ್ರಗಳ ಹೆಸರನ್ನೇ ಖಾನೆಗಳಿಗೆ ಇಟ್ಟರು. ನಮ್ಮಲ್ಲಿ ಅದಕ್ಕೂ ಮೊದಲಿನಿಂದ ಇದ್ದದ್ದು ಚಂದ್ರನ ದಾರಿಯ ನಕ್ಷತ್ರಗಳು. ಅವನ್ನೂ ಕೊನೆಗೆ 27 ಸಮಭಾಗ ಮಾಡಿ ತಲಾ 13 ಡಿಗ್ರಿ 20 ಕಲೆ ಅಂತ ಅಳತೆ ಹಾಕಿದರು. ಹಾಗಾಗಿ ‘ರೋಹಿಣಿ’ ಅಂದರೆ ಎರಡು: ಒಂದು ಕಣ್ಣಿಗೆ ಕಾಣುವ ಕೆಂಪು ಚಿಕ್ಕಿ, ಇನ್ನೊಂದು ಆ ಹೆಸರಿನ ಖಾನೆ. ಹೆಸರು ಒಂದೇ ಇರೋದರಿಂದ ಎರಡೂ ಒಂದೇ ಅನ್ನಿಸುತ್ತೆ. ಕೋಡ್ ಬರೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೇರಿಯಬಲ್ಲಿನ ಹೆಸರು ಬೇರೆ, ಒಳಗಿರುವ ಮೌಲ್ಯ ಬೇರೆ.

ಇದರ ಮೇಲೆ ಇನ್ನೊಂದು ತೊಡಕು ಇದೆ. ಭೂಮಿ ಬುಗುರಿಯಂತೆ ತಿರುಗುತ್ತಾ ತಿರುಗುತ್ತಾ ತಲೆದೂಗುತ್ತೆ, ತೀರಾ ನಿಧಾನವಾಗಿ. ಒಂದು ಸಲ ತಲೆದೂಗಿ ಮುಗಿಸೋಕೆ ಸುಮಾರು 26,000 ವರ್ಷ. ಇದರಿಂದಾಗಿ ಹಗಲು ರಾತ್ರಿ ಸಮ ಆಗುವ ದಿನ ಸೂರ್ಯ ಎಲ್ಲಿರುತ್ತಾನೋ ಆ ಬಿಂದು ನಕ್ಷತ್ರಗಳ ನಡುವೆ 72 ವರ್ಷಕ್ಕೆ ಒಂದು ಡಿಗ್ರಿಯಷ್ಟು ಹಿಂದಕ್ಕೆ ಸರಿಯುತ್ತೆ. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಗ್ರೀಸಿನ ಹಿಪಾರ್ಕಸ್ ಇದನ್ನು ಗುರುತಿಸಿದ. ಆಗ ಮಾರ್ಚ್ ತಿಂಗಳ ಆ ಬಿಂದು ಮೇಷದಲ್ಲಿತ್ತು. ಈಗ ಅದು ಮೀನ ಪುಂಜದಲ್ಲಿದೆ, ಹೆಸರು ಮಾತ್ರ ಇನ್ನೂ ‘ಮೇಷದ ಮೊದಲ ಬಿಂದು’. ಇದರಲ್ಲಿ ಆಶ್ಚರ್ಯ ಪಡುವಂಥದ್ದೇನೂ ಇಲ್ಲ. ಬೆಂಗಳೂರಿನಲ್ಲಿ ಮೆಜೆಸ್ಟಿಕ್ಕಿಗೆ ಒಂದು ಟಿಕೆಟ್ ಕೊಡಿ ಅಂತೀವಲ್ಲ, ಆ ಮೆಜೆಸ್ಟಿಕ್ ಟಾಕೀಸು ಈಗ ಎಲ್ಲಿದೆ? ಕೆಡವಿ ಎಷ್ಟೋ ವರ್ಷ ಆಯಿತು. ಬಸ್ ಸ್ಟ್ಯಾಂಡ್ ಇರೋ ಜಾಗದಲ್ಲಿ ಅದಕ್ಕೂ ಮೊದಲು ಧರ್ಮಾಂಬುಧಿ ಕೆರೆ ಇತ್ತು. ಟಾಕೀಸು ಹೋಯಿತು, ಕೆರೆ ಹೋಯಿತು, ಹೆಸರಿನಿಂದ ಬಸ್ಸಂತೂ ಸಿಗುತ್ತೆ.

ಪಾಶ್ಚಾತ್ಯ ಜ್ಯೋತಿಷ್ಯ ಈ ಸರಿಯುವ ಬಿಂದುವಿಗೇ ಗಂಟು ಹಾಕಿಕೊಂಡು ಋತುಗಳ ಜೊತೆ ಹೋಗುತ್ತೆ, ಅದು ಸಾಯನ. ನಮ್ಮ ಪಂಚಾಂಗ ನಕ್ಷತ್ರಗಳಿಗೆ ಗಂಟು ಹಾಕಿಕೊಂಡಿದೆ, ಅದು ನಿರಯನ. ಈಗ ಇವೆರಡರ ನಡುವೆ ಸುಮಾರು 24 ಡಿಗ್ರಿ ಅಂತರ. ಅದಕ್ಕೇ ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ ಆದರೂ ನಾವು ಎಳ್ಳು ಬೆಲ್ಲ ಹಂಚೋದು ಜನವರಿ 14-15ಕ್ಕೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರಲ್ಲಿ ಸಂಕ್ರಾಂತಿ ಬಿದ್ದದ್ದು ಜನವರಿ 12ಕ್ಕೆ. ಹಬ್ಬವೂ ಮೆಲ್ಲಗೆ ಸರಿಯುತ್ತಿದೆ. ಇದು ಹಳಬರಿಗೆ ತಿಳಿದಿರಲಿಲ್ಲ ಅಂದುಕೊಳ್ಳಬೇಡಿ. 6ನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಬರೆದಿದ್ದಾನೆ: ಹಿಂದಿನ ಶಾಸ್ತ್ರಗಳ ಪ್ರಕಾರ ಸೂರ್ಯ ದಕ್ಷಿಣಕ್ಕೆ ತಿರುಗುತ್ತಿದ್ದದ್ದು ಆಶ್ಲೇಷಾ ನಕ್ಷತ್ರದ ನಡುವಿನಲ್ಲಿ, ಈಗ ಕರ್ಕಾಟಕದ ಆರಂಭದಲ್ಲಿ, ಬದಲಾಗಿದೆಯೋ ಇಲ್ಲವೋ ಪ್ರತ್ಯಕ್ಷ ನೋಡಿ ತಿಳಿದುಕೊಳ್ಳಿ ಅಂತ. ಗ್ರಂಥ ಒಂದು ಹೇಳಿ ಆಕಾಶ ಇನ್ನೊಂದು ಹೇಳಿದರೆ ಆಕಾಶವನ್ನೇ ನಂಬು ಅಂದ ಮನುಷ್ಯ.

ಇಷ್ಟು ತಿಳಿದ ಮೇಲೆ ನಮ್ಮಂಥವರಿಗೆ ಒಂದು ಹುರುಪು ಬರುತ್ತೆ. 2016ರಲ್ಲಿ ‘ನಾಸಾದವರು ಹದಿಮೂರನೇ ರಾಶಿ ಸೇರಿಸಿದ್ದಾರೆ, ನಿಮ್ಮ ರಾಶಿ ಬದಲಾಗಿದೆ’ ಅನ್ನೋ ಸುದ್ದಿ ಎಲ್ಲರ ಫೋನಿನಲ್ಲೂ ಓಡಾಡಿತು. ನಾಸಾ ಏನೂ ಸೇರಿಸಿರಲಿಲ್ಲ, ಮಕ್ಕಳಿಗಾಗಿ ಈ ಪುಂಜಗಳ ಲೆಕ್ಕ ವಿವರಿಸಿತ್ತಷ್ಟೇ. ಆದರೂ ಆಫೀಸಿನ ಊಟದ ಟೇಬಲ್ಲಿನಲ್ಲಿ ಅದೇ ದೊಡ್ಡ ಅಸ್ತ್ರ ಆಯಿತು: ‘ನೋಡಿ, ನಿಮ್ಮ ಜ್ಯೋತಿಷ್ಯದ ರಾಶಿಗೂ ನಿಜವಾದ ಆಕಾಶಕ್ಕೂ ಸಂಬಂಧವೇ ಇಲ್ಲ. ಅಲ್ಲಿಗೆ ಕಥೆ ಮುಗೀತು.’

ಕಥೆ ಮುಗಿಯಲ್ಲ. ಒಬ್ಬ ಒಳ್ಳೆ ಜ್ಯೋತಿಷಿಗೆ ಇದಕ್ಕೆ ಉತ್ತರ ಅರ್ಧ ನಿಮಿಷದ ಕೆಲಸ: ‘ನಮ್ಮ ರಾಶಿ ಚಿತ್ರ ಅಲ್ಲಪ್ಪ, ಅಳತೆ. ಅಯನಾಂಶ ಕಳೆದೇ ಲೆಕ್ಕ ಹಾಕ್ತೀವಿ.’ ಅವನು ಹೇಳೋದು ನಿಜ. ಅದಕ್ಕಿಂತ ದೊಡ್ಡ ತೊಂದರೆ ಈ ವಾದದ ಹೊಟ್ಟೆಯೊಳಗಿದೆ. ‘ರಾಶಿ ಆಕಾಶಕ್ಕೆ ಹೊಂದಲ್ಲ, ಅದಕ್ಕೇ ಭವಿಷ್ಯ ಸುಳ್ಳು’ ಅಂದರೆ, ಹೊಂದಿದ್ದರೆ ಭವಿಷ್ಯ ನಿಜ ಅಂತ ಒಪ್ಪಿಕೊಂಡ ಹಾಗೆ. ಹಿಪಾರ್ಕಸನ ಕಾಲದಲ್ಲಿ ಎರಡೂ ಹೆಚ್ಚುಕಡಿಮೆ ಹೊಂದುತ್ತಿದ್ದವಲ್ಲ, ಹಾಗಾದರೆ ಆಗ ಹುಟ್ಟಿದ ಮೇಷ ರಾಶಿಯವನಿಗೆ ನಿಜವಾಗಿಯೂ ಟಗರಿನ ಮೊಂಡುತನ ಇತ್ತಾ? ಪ್ರಶ್ನೆ ಇರಬೇಕಾದ್ದು ಖಾನೆ ಸರಿಯಾಗಿದೆಯೋ ಇಲ್ಲವೋ ಅನ್ನೋದರಲ್ಲಲ್ಲ. ಖಾನೆಯ ಹೆಸರಿನಿಂದ ಮನುಷ್ಯನ ಗುಣಕ್ಕೆ ದಾರಿ ಎಲ್ಲಿಂದ ಬಂತು ಅನ್ನೋದರಲ್ಲಿ.

ಆ ದಾರಿ ಇದೆಯೋ ಇಲ್ಲವೋ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಪುಣೆಯಲ್ಲಿ ಜಯಂತ ನಾರ್ಳೀಕರ್ ಮತ್ತು ಜೊತೆಗಾರರು 200 ಮಕ್ಕಳ ಜಾತಕ ಸೇರಿಸಿದರು. ನೂರು ಮಕ್ಕಳು ಓದಿನಲ್ಲಿ ಜಾಣರು, ಇನ್ನು ನೂರು ಮಕ್ಕಳು ಬುದ್ಧಿಮಾಂದ್ಯರು. 27 ಜನ ಜ್ಯೋತಿಷಿಗಳು ತಲಾ 40 ಜಾತಕ ನೋಡಿ ಯಾವುದು ಯಾವ ಗುಂಪು ಅಂತ ಹೇಳಿದರು. ನಾಣ್ಯ ಚಿಮ್ಮಿದ್ದರೂ ಅದಕ್ಕಿಂತ ಕಡಿಮೆ ಸರಿ ಬರುತ್ತಿರಲಿಲ್ಲ. 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಆ ಲೇಖನ ಬಂತು. ಬರೆದವರಲ್ಲಿ ಒಬ್ಬರು ನರೇಂದ್ರ ದಾಭೋಲ್ಕರ್. 2013ರ ಆಗಸ್ಟಿನಲ್ಲಿ ಅದೇ ಪುಣೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಊಟದ ಟೇಬಲ್ಲಿನ ಹರಟೆಯಂತೆ ಕಾಣುವ ವಿಷಯಕ್ಕೆ ಜೀವ ತೆತ್ತವರೂ ಇದ್ದಾರೆ ಅನ್ನೋದನ್ನ ನಾವು ಮರೆಯಬಾರದು.

ಈಗ ನಮ್ಮ ಮನೆ ವಿಷಯ. ನನ್ನ ಕಾಕಾನ ಮಗಳು ಮೂಲಾ ನಕ್ಷತ್ರದವಳು. ನರ್ಸಿಂಗ್ ಓದಿದ್ದಾಳೆ, ದಾವಣಗೆರೆಯಲ್ಲಿ ಕೆಲಸ. ಗಂಡಿನ ಕಡೆಯವರು ಬಂದು ನೋಡಿ, ಉಪ್ಪಿಟ್ಟು ತಿಂದು, ‘ಹುಡ್ಗಿ ಛಲೋ ಅದಾಳ್ರೀ’ ಅಂದು ಹೋಗುತ್ತಿದ್ದರು. ಎರಡು ದಿನ ಬಿಟ್ಟು ಮಧ್ಯಸ್ಥರ ಫೋನು: ‘ಎಲ್ಲಾ ಚಂದ ಐತ್ರಿ, ಆದ್ರ ಹುಡುಗನ ಅಪ್ಪಾರು ಇನ್ನೂ ಗಟ್ಟಿ ಅದಾರು, ಮೂಲಾ ನಕ್ಷತ್ರ ಅಂದ್ರ ಸ್ವಲ್ಪ…’ ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವ ಉಳಿಯಲ್ಲ ಅನ್ನೋ ನಂಬಿಕೆ ನಿಮಗೂ ಗೊತ್ತಿರುತ್ತೆ. ಒಬ್ಬರಂತೂ ಉಪಕಾರ ಮಾಡುವ ದನಿಯಲ್ಲಿ ಹೇಳಿದರು, ‘ಮಾವ ಇಲ್ಲದ ಮನಿ ನೋಡ್ರಿ, ತಾನಾ ಕೂಡತೈತಿ.’ ತಂದೆ ತೀರಿಕೊಂಡ ಹುಡುಗನ ಮನೆಯನ್ನು ನಮ್ಮ ಮನೆಯವರು ಹುಡುಕಿಕೊಂಡು ಹೋಗಬೇಕು. ಯಾರದೋ ಸಾವು ನಮ್ಮ ಪಾಲಿಗೆ ಅರ್ಹತೆ.

ಆಗ ಒಂದು ರಾತ್ರಿ ನಾನು ಮೂಲಾ ನಕ್ಷತ್ರ ಆಕಾಶದಲ್ಲಿ ಎಲ್ಲಿದೆ ಅಂತ ಲೆಕ್ಕ ತೆಗೆದು ಕೂತೆ. ಚೇಳಿನ ಬಾಲದ ತುದಿಯಲ್ಲಿ, ಕೊಂಡಿ ಇರುವ ಜಾಗದಲ್ಲಿ ಹೊಳೆಯುವ ಚಿಕ್ಕಿ ಅದು. ಅಂದರೆ ಪುಂಜದ ಲೆಕ್ಕದಲ್ಲಿ ವೃಶ್ಚಿಕ. ಆದರೆ ಪಂಚಾಂಗದಲ್ಲಿ ಮೂಲಾ ಅನ್ನೋ ಖಾನೆ ಸೇರಿರುವುದು ಧನು ರಾಶಿಗೆ. ಇನ್ನೂ ಒಂದು ತಮಾಷೆ ಇದೆ. ಈ ಚಿಕ್ಕಿ ಸೂರ್ಯನ ದಾರಿಯಿಂದ ದಕ್ಷಿಣಕ್ಕೆ ಸುಮಾರು 14 ಡಿಗ್ರಿ ದೂರ. ಚಂದ್ರ ಆ ದಾರಿಯಿಂದ ಆಚೀಚೆ ಐದು ಡಿಗ್ರಿಯಷ್ಟು ಮಾತ್ರ ಸರಿಯುತ್ತಾನೆ. ಹಾಗಾಗಿ ಚಂದ್ರ ಮೂಲಾ ಚಿಕ್ಕಿಗೆ ಎಂಟು ಡಿಗ್ರಿಗಿಂತ ಹತ್ತಿರ ಬರೋದೇ ಇಲ್ಲ. ಕೈ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಎಷ್ಟು ಜಾಗ ಮರೆಯಾಗುತ್ತೋ ಹೆಚ್ಚುಕಡಿಮೆ ಅಷ್ಟು ದೂರ. ‘ಮೂಲಾದಲ್ಲಿ ಚಂದ್ರ’ ಅಂತ ಬರೆದ ಹೊತ್ತಿನಲ್ಲಿ ಅವನು ಬಹುಪಾಲು ಧನು ಪುಂಜದಲ್ಲಿ ಆರಾಮಾಗಿ ಹೋಗುತ್ತಿರುತ್ತಾನೆ.

ಗಂಡಿನ ಕಡೆಯವರ ಮುಂದೆ ಇದನ್ನೆಲ್ಲ ಹರವಿಡಬಹುದಿತ್ತು. ‘ನಿಜವಾದ ಆಕಾಶದಲ್ಲಿ ನಮ್ಮ ಹುಡುಗಿ ಮೂಲಾನೇ ಅಲ್ಲ’ ಅನ್ನಬಹುದಿತ್ತು. ಹೇಳಲಿಲ್ಲ. ಅದು ಹದಿಮೂರನೇ ರಾಶಿಯ ವಾದವೇ, ಬೇರೆ ಅಂಗಿ ತೊಟ್ಟು ಬಂದದ್ದು. ನಮ್ಮ ಹುಡುಗಿ ಮೂಲಾ ಅಲ್ಲ ಅಂತ ಗೆದ್ದರೆ, ಮೂಲಾ ಆಗಿದ್ದರೆ ನೀವು ಬೇಡ ಅಂದದ್ದು ಸರಿ ಅಂತಲೇ ಆಯಿತು.

ಕಾಕಾ ಇನ್ನೂ ಸುಲಭದ ದಾರಿ ಹೇಳಿದರು. ಜಾತಕದಲ್ಲಿ ಒಂದು ನಕ್ಷತ್ರಕ್ಕೆ ನಾಲ್ಕು ಪಾದ. ಒಂದೊಂದು ಪಾದ ಸುಮಾರು ಆರು ತಾಸು. ಮೂಲಾದ ನಾಲ್ಕನೇ ಪಾದಕ್ಕೆ ದೋಷ ಇಲ್ಲ ಅಂತ ಹೇಳೋರಿದ್ದಾರೆ. ಇವಳು ಹುಟ್ಟಿದ್ದು ಮೂರನೇ ಪಾದದ ಕೊನೆಗೆ. ‘ತಮ್ಮಾ, ನೀ ಕಂಪ್ಯೂಟರ್ ಕಲ್ತವ. ಹುಟ್ಟಿದ ಟೈಮ್ ಒಂದ್ ಅರ್ಧ ತಾಸು ಮುಂದ ಹಾಕಿ ಹೊಸ ಜಾತಕ ತಗದುಕೊಡು. ಯಾರಿಗೆ ಏನ್ ನಷ್ಟ?’ ಆ ಪ್ರಶ್ನೆಗೆ ನನ್ನ ಹತ್ತಿರ ತಟ್ಟನೆ ಉತ್ತರ ಇರಲಿಲ್ಲ. ಆಧಾರವೇ ಇಲ್ಲದ ನಿಯಮದಿಂದ ಒಬ್ಬಳನ್ನು ಬಿಡಿಸೋಕೆ ಒಂದು ಸಣ್ಣ ಸುಳ್ಳು ಹೇಳಿದರೆ ಅದು ಪಾಪವಾ, ನ್ಯಾಯವಾ? ಕಾಕಾನ ಕಡೆಯಿಂದ ನೋಡಿದರೆ ಅವರು ಕೇಳಿದ್ದರಲ್ಲಿ ಮೋಸಕ್ಕಿಂತ ಮಗಳ ಮೇಲಿನ ಪ್ರೀತಿಯೇ ಹೆಚ್ಚಿತ್ತು.

ಉತ್ತರ ಕೊಟ್ಟವಳು ಅವಳೇ. ‘ಬ್ಯಾಡ ಅಣ್ಣಾ. ಮದುವಿ ಆದಮ್ಯಾಲ ಮಾವಗ ಒಂದ್ ಕೆಮ್ಮು ಬಂದ್ರೂ ಯಾರರ ನನ್ನ ಖರೇ ಟೈಮ್ ಹುಡುಕಿ ತಗೀತಾರ. ಅವ್ರ ಆರೋಗ್ಯಕ್ಕ ಹೆದ್ರಕೊಂತ ನಾ ಎಷ್ಟು ವರ್ಷ ಬಾಳ್ವೆ ಮಾಡ್ಲಿ?’

ಆಸ್ಪತ್ರೆಯಲ್ಲಿ ದಿನಾ ಕೆಮ್ಮು, ಬಿಪಿ, ಶುಗರ್ ನೋಡುವವಳ ಮಾತು ಅದು. ಅರವತ್ತು ದಾಟಿದ ಮಾವನಿಗೆ ಇವತ್ತಲ್ಲ ನಾಳೆ ಏನಾದರೂ ಆಗಿಯೇ ಆಗುತ್ತೆ. ಆದಾಗ ಲೆಕ್ಕ ಯಾರ ಖಾತೆಗೆ ಬರೆಯಬೇಕು ಅನ್ನೋದು ಮಾತ್ರ ಮೊದಲೇ ತೀರ್ಮಾನ ಆಗಿರುತ್ತೆ. ಟೈಮ್ ತಿದ್ದಲಿಲ್ಲ. ಇದನ್ನು ಬರೆಯುವ ಹೊತ್ತಿಗೆ ಅವಳಿಗೆ ಇನ್ನೂ ಸಂಬಂಧ ಕೂಡಿಬಂದಿಲ್ಲ. ಸತ್ಯ ಹೇಳಿದ್ದಕ್ಕೆ ಒಳ್ಳೆಯದಾಯಿತು ಅಂತ ಬರೆಯೋಕೆ ನನಗೆ ಆಸೆ. ಇನ್ನೂ ಆಗಿಲ್ಲ.

ಮೂಲಾ ಒಂದೇ ಅಲ್ಲ. ಆಶ್ಲೇಷಾ ಅತ್ತೆಗೆ ಆಗಲ್ಲ, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ ಅಂತಾರೆ. 27ರಲ್ಲಿ ನಾಲ್ಕು. ಚಂದ್ರ ಎಲ್ಲಾ ನಕ್ಷತ್ರಗಳಲ್ಲೂ ಹೆಚ್ಚುಕಡಿಮೆ ಒಂದೊಂದು ದಿನ ಇರೋದರಿಂದ ಲೆಕ್ಕ ಸುಲಭ: ಏಳು ಹುಡುಗಿಯರಲ್ಲಿ ಒಬ್ಬಳು ಹುಟ್ಟುತ್ತಲೇ ಯಾರಿಗೋ ಕಂಟಕ. ನಮ್ಮ ಕಡೆ ಹುಡುಗರಿಗೆ ಈ ಲೆಕ್ಕ ಯಾರೂ ತೆಗೆಯೋದಿಲ್ಲ. ಮೂಲಾದ ಅಳಿಯ ಬಂದರೆ ಹುಡುಗಿಯ ಅಪ್ಪನಿಗೆ ಏನೂ ಆಗಲ್ಲ. ನಮ್ಮ ಟೀಮಿನ ತಮಿಳು ಗೆಳೆಯನೊಬ್ಬ ಅವರ ಕಡೆಯ ಒಂದು ಮಾತು ಹೇಳಿದ: ಗಂಡು ಮೂಲಾ ಅರಸನಾಗುತ್ತಾನೆ, ಹೆಣ್ಣು ಮೂಲಾ ನಿರ್ಮೂಲ ಮಾಡುತ್ತಾಳೆ ಅಂತ. ನವರಾತ್ರಿಯಲ್ಲಿ ಸರಸ್ವತಿಯನ್ನು ಆವಾಹನೆ ಮಾಡೋದೂ ಮೂಲಾ ನಕ್ಷತ್ರದ ದಿನವೇ. ದೇವಿ ಬರೋಕೆ ಶುಭ, ಸೊಸೆ ಬರೋಕೆ ಅಶುಭ. ಆಕಾಶದಲ್ಲಿ ಹುಡುಕಿದರೆ ಈ ಭೇದಕ್ಕೆ ಕಾರಣ ಸಿಗಲ್ಲ. ಖಾನೆ ತುಂಬಿದವರ ಮನೆಯಲ್ಲಿ ಹುಡುಕಬೇಕು.

ಹಾಗಂತ ನಕ್ಷತ್ರದ ಲೆಕ್ಕವೆಲ್ಲ ಕೆಟ್ಟದ್ದು ಅಂತ ನಾನು ಹೇಳಲಾರೆ. ಅದೇ ಲೆಕ್ಕದ ಮೇಲೆ ನಮ್ಮ ಮನೆ ಊಟ ಮಾಡಿದೆ. ಮಳೆಗಾಲದಲ್ಲಿ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಅದರ ಹೆಸರಿನಿಂದಲೇ ರೈತರು ಮಳೆಯನ್ನು ಕರೆಯುತ್ತಾರೆ. ಒಂದೊಂದು ಹದಿಮೂರು ಹದಿನಾಲ್ಕು ದಿನ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಹೊತ್ತಿಗೆ ಮೃಗಶಿರ, 22ರ ಹೊತ್ತಿಗೆ ಆರಿದ್ರ. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಅನ್ನೋ ಗಾದೆ ಕೇಳಿಕೊಂಡೇ ನಾವು ಬೆಳೆದದ್ದು. ಅಪ್ಪ ಕೂರಿಗೆ ಹೊರಗೆ ತೆಗೆಯುತ್ತಿದ್ದದ್ದು ಈ ಹೆಸರುಗಳನ್ನು ನೋಡಿಕೊಂಡು. ಅವರ ಮಟ್ಟಿಗೆ ರೋಹಿಣಿ ಅಂದರೆ ಎರಡು ವಾರಕ್ಕಿಟ್ಟ ಹೆಸರು. ಆಕಾಶದ ಕೆಂಪು ಚಿಕ್ಕಿಯಿಂದ ಮಳೆ ಸುರಿಯುತ್ತೆ ಅಂತ ಅವರು ಯಾವತ್ತೂ ಅಂದುಕೊಂಡಿರಲಿಲ್ಲ. ಮಳೆ ಬಾರದಿದ್ದರೆ ಬಿತ್ತುತ್ತಿರಲಿಲ್ಲ. ಇತ್ತೀಚೆಗೆ ಗಾದೆಗಿಂತ ಫೋನಿನ ಹವಾಮಾನ ವರದಿಯನ್ನೇ ಹೆಚ್ಚು ನೋಡುತ್ತಾರೆ.

ಒಂದೇ ಪಂಚಾಂಗ, ಒಂದೇ 27 ಹೆಸರು. ಒಂದು ಕಡೆ ಬದುಕಿಗೆ ಆಸರೆ, ಇನ್ನೊಂದು ಕಡೆ ಒಬ್ಬಳ ಕುತ್ತಿಗೆಗೆ ಹಗ್ಗ. ವ್ಯತ್ಯಾಸ ಎಲ್ಲಿದೆ ಅಂತ ಬಹಳ ದಿನ ಯೋಚಿಸಿದೆ. ನನಗೆ ಹೊಳೆದದ್ದು ಇಷ್ಟು: ತಪ್ಪಾದರೆ ದಂಡ ಕಟ್ಟುವವರು ಯಾರು?

ರೋಹಿಣಿ ಮಳೆಯನ್ನು ನಂಬಿ ಬಿತ್ತಿದ ರೈತನ ಲೆಕ್ಕ ತಪ್ಪಿದರೆ ಬೀಜ, ಗೊಬ್ಬರ, ದುಡಿಮೆ ಎಲ್ಲಾ ಅವನದ್ದೇ ಹೋಗುತ್ತೆ. ಹಾಗಾಗಿ ಮುಂದಿನ ವರ್ಷ ಅವನು ಎಚ್ಚರವಾಗಿರುತ್ತಾನೆ, ನಂಬಿಕೆಯನ್ನು ಸ್ವಲ್ಪ ತಿದ್ದಿಕೊಳ್ಳುತ್ತಾನೆ. ನಂಬಿಕೆ ಮತ್ತು ನೆಲ ಒಂದನ್ನೊಂದು ಉಜ್ಜುತ್ತಾ ಇರುತ್ತವೆ. ಮೂಲಾ ಹುಡುಗಿಯನ್ನು ಬೇಡ ಅಂದ ಮನೆಯವರ ಲೆಕ್ಕ ತಪ್ಪಾಗಿದ್ದರೆ ಅವರಿಗೆ ಅದು ಗೊತ್ತಾಗೋದೇ ಇಲ್ಲ. ಅವಳು ಆ ಮನೆಗೆ ಬರಲಿಲ್ಲ, ಮಾವ ಸಾಯಲಿಲ್ಲ. ‘ನೋಡಿದ್ರಾ, ಬಚಾವಾದ್ವಿ.’ ತಪ್ಪಿನ ಪೂರ್ತಿ ಖರ್ಚು ಅವಳದ್ದು, ನೆಮ್ಮದಿ ಪೂರ್ತಿ ಅವರದ್ದು. ಇಂಥ ನಂಬಿಕೆ ಎಷ್ಟು ಸಾವಿರ ವರ್ಷ ಬೇಕಾದರೂ ತಿದ್ದುಪಡಿ ಇಲ್ಲದೆ ಬದುಕಬಲ್ಲದು. ಹಳೆಯದಾಗಿರೋದೇ ಅದಕ್ಕೆ ಸಾಕ್ಷಿ ಅಂತ ನಾವು ತಿಳಿದುಕೊಳ್ಳುತ್ತೇವೆ. ಅದನ್ನು ಯಾರೂ ತಿದ್ದಿಲ್ಲ ಅಂದರೆ ತಿದ್ದಬೇಕಾದವರಿಗೆ ಯಾವತ್ತೂ ನೋವಾಗಿಲ್ಲ ಅಂತಲೂ ಅರ್ಥ ಇರಬಹುದು.

ಈ ಅಳತೆಗೋಲು ಹಿಡಿದರೆ ಎಷ್ಟೋ ವಿಷಯಕ್ಕೆ ನಾನು ಸುಮ್ಮನೆ ಜಗಳ ಆಡೋದು ತಪ್ಪುತ್ತೆ. ಅವ್ವ ನನ್ನ ಹೆಸರಿನಲ್ಲಿ ಶನಿವಾರ ಎಳ್ಳೆಣ್ಣೆ ದೀಪ ಹಚ್ಚುತ್ತಾಳೆ. ಎಣ್ಣೆ ಅವಳದ್ದು, ಸಮಾಧಾನ ಅವಳದ್ದು, ನನ್ನ ತಕರಾರಿಲ್ಲ. ಮದುವೆಯಲ್ಲಿ ಮಧ್ಯಾಹ್ನ ಹನ್ನೊಂದೂವರೆಗೆ ಕಲ್ಯಾಣ ಮಂಟಪದ ಬಾಗಿಲಿಗೆ ಕರೆದುಕೊಂಡು ಹೋಗಿ ‘ಅರುಂಧತಿ ಕಾಣ್ತಾ?’ ಅಂದರೆ, ಕಾಣ್ತು ಅಂತ ತಲೆಯಾಡಿಸೋದರಲ್ಲಿ ಯಾರಿಗೂ ನಷ್ಟ ಇಲ್ಲ. ಹೊಸದಾಗಿ ಸೇರಿದ ಹುಡುಗಿ ‘ನಾನು ಸ್ಕಾರ್ಪಿಯೋ, ಸ್ವಲ್ಪ ಹಟಮಾರಿ’ ಅಂತ ತನ್ನ ಬಗ್ಗೆ ತಾನೇ ಹೇಳಿಕೊಂಡರೆ ನಕ್ಕು ಕಾಫಿ ಕುಡಿಯಬಹುದು. ಆದರೆ ಮ್ಯಾನೇಜರ್ ಒಬ್ಬ ‘ಅವಳು ಸ್ಕಾರ್ಪಿಯೋ, ಕ್ಲೈಂಟ್ ಮುಂದೆ ಬೇಡ’ ಅಂದ ಕ್ಷಣಕ್ಕೆ ಅದು ಬೇರೆಯೇ ಆಗುತ್ತೆ. ರಾಶಿಯ ಜಾಗದಲ್ಲಿ ಅವನು ಊರು, ಭಾಷೆ, ಓದಿದ ಕಾಲೇಜು ಇಟ್ಟು ನೋಡಿದರೂ ಅಷ್ಟೇ. ಹಳ್ಳಿಯ ಕಾಲೇಜಿನಲ್ಲಿ ಬಿಇ ಮಾಡಿ ಬಂದವನಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ನನ್ನ ರೆಸ್ಯೂಮೆಯ ಮೇಲಿದ್ದ ವಿಳಾಸವನ್ನೇ ನನ್ನ ಬುದ್ಧಿಮಟ್ಟ ಅಂತ ಓದಿದವರು ಜ್ಯೋತಿಷಿಗಳಾಗಿರಲಿಲ್ಲ.

ಹೆಸರು ಇರಬೇಕಾದ್ದು ಹುಡುಕೋಕೆ. ಧನು ಪುಂಜ ಅಂದರೆ ಯಾವ ಕಡೆ ನೋಡಬೇಕು ಅಂತ ಗೊತ್ತಾಗುತ್ತೆ, ಅಲ್ಲಿ ಏನಿದೆ ಅನ್ನೋದು ನೋಡಿದ ಮೇಲೆ. ಖಗೋಳಶಾಸ್ತ್ರಜ್ಞ ವಿಳಾಸ ಹಿಡಿದು ಮನೆಯ ತನಕ ಹೋಗುತ್ತಾನೆ. ಜಾತಕ ನೋಡುವವರು ವಿಳಾಸ ಓದಿ ಅಲ್ಲಿಂದಲೇ ಹಿಂತಿರುಗುತ್ತಾರೆ, ಒಳಗೆ ಯಾರಿದ್ದಾರೆ ಅಂತ ನಮಗೆ ಗೊತ್ತಾಯ್ತು ಅಂದುಕೊಂಡು.

ಕೊನೆಗೆ ಒಂದು ಮಾತು ನನ್ನ ಕಸುಬಿನವರಿಗೆ. ಮೊದಲು ಮಧ್ಯಸ್ಥರು ಫೋನ್ ಮಾಡಿ, ತಡವರಿಸಿ, ‘ಸ್ವಲ್ಪ ಮೂಲಾ ಆಯ್ತಲ್ರೀ’ ಅಂತಿದ್ದರು. ಬೇಡ ಅನ್ನೋಕೆ ಒಬ್ಬ ಮನುಷ್ಯ ನಾಚಿಕೆ ಪಡಬೇಕಿತ್ತು. ಈಗ ಮದುವೆ ಆಪ್‌ಗಳಲ್ಲಿ 27 ಹೆಸರಿನ ಒಂದು ಡ್ರಾಪ್‌ಡೌನ್ ಇರುತ್ತೆ, ಪಕ್ಕದಲ್ಲಿ ‘ದೋಷ: ಹೌದು/ಇಲ್ಲ’. ‘ಇಲ್ಲ’ ಅಂತ ಒಂದು ಟಿಕ್ ಹಾಕಿದರೆ ಏಳರಲ್ಲಿ ಒಬ್ಬಳು ಹುಡುಕಾಟದಲ್ಲೇ ಬರಲ್ಲ. ಬೇಡ ಅಂದವರಿಗೆ ತಾವು ಯಾರನ್ನು ಬೇಡ ಅಂದೆವು ಅಂತ ಗೊತ್ತಾಗಲ್ಲ, ಅವಳಿಗೂ ಯಾರು ಬೇಡ ಅಂದರು ಅಂತ ಗೊತ್ತಾಗಲ್ಲ. ದಂಡ ಕಟ್ಟುವವಳು ಮಾತ್ರ ಅವಳೇ. ಆ ಡ್ರಾಪ್‌ಡೌನ್ ಬರೆದವರು ನಮ್ಮ ನಿಮ್ಮಂಥವರೇ. ಊಟದ ಟೇಬಲ್ಲಿನಲ್ಲಿ ಹದಿಮೂರನೇ ರಾಶಿಯ ಬಗ್ಗೆ ನಗುವವರೇ ಇರಬಹುದು, ಟಿಕೆಟ್ ಬಂತು, ಕೋಡ್ ಬರೆದರು, ಟೆಸ್ಟ್ ಪಾಸಾಯಿತು.

ಮುಂದೊಂದು ದಿನ ಅಂಥ ಟಿಕೆಟ್ ನಿಮ್ಮ ಹೆಸರಿಗೆ ಬಂದರೆ, ಎಸ್ಟಿಮೇಟ್ ಹಾಕುವ ಮೊದಲು ಮೀಟಿಂಗಿನಲ್ಲಿ ಒಂದು ಪ್ರಶ್ನೆ ಕೇಳಿ: ಈ ಫಿಲ್ಟರ್ ತಪ್ಪು ಮಾಡಿದರೆ ನಮಗೆ ಗೊತ್ತಾಗೋದು ಹೇಗೆ?